ಒಂದು ಸೈಜು ದೊಡ್ಡ ಸೀಟು

ಎದುರು ಸಾಲಿನ ಮಕ್ಕಳ ಸಾಮಾನಿನ ಅಂಗಡಿಯ ಹಿರಿಯ ಮಾರಾಟಗಾರರ ಸನ್ನಿಧಿಗೆ,

ಮಾನ್ಯರೇ,

ಇದೇ ಬೀದಿಯಲ್ಲಿ ಮೂವತ್ತೆಂಟು ವರ್ಷಗಳಿಂದ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯ ಒಡತಿ ನಾನು. ಹತ್ತನೇ ತರಗತಿಯವರೆಗೆ ಓದಿದ್ದೇನೆ. ನಾಲ್ಕು ಹೊಲಿಗೆ ಯಂತ್ರಗಳು, ಬಟ್ಟೆ ಕತ್ತರಿಸುವ ಒಬ್ಬ ಮಗ, ಬೇಕಾದ್ದಕ್ಕಿಂತ ಹೆಚ್ಚು ತಿಳಿವಳಿಕೆಯಿರುವ ಸೊಸೆ ಮತ್ತು ಹದಿನಾರು ತಿಂಗಳ ಮೊಮ್ಮಗಳು ನನ್ನ ಸಂಸಾರ. ನನ್ನ ಟೇಪಿನ ಅಳತೆಗೆ ಎದುರಾಡಿದವರು ಈ ಬೀದಿಯಲ್ಲಿ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ, ತಾವು ಯಾರಿಗೆ ಬುದ್ಧಿ ಹೇಳಿದಿರಿ ಎಂಬುದು ತಮಗೆ ಗೊತ್ತಿರಲಿ ಎಂದಷ್ಟೇ.

ಕಾರಿನಲ್ಲಿ ಮಗುವನ್ನು ಕೂರಿಸುವ ಸೀಟು ಬೇಕೆಂದು ನಾವು ಬಂದ ದಿನ ತಾವು ತೋರಿದ ವಿದ್ಯೆಯನ್ನು ಎಷ್ಟು ಹೊಗಳಿದರೂ ಸಾಲದು. ತಾವು ಮಗುವಿನ ತೂಕ ಕೇಳಲಿಲ್ಲ, ಎತ್ತರ ಕೇಳಲಿಲ್ಲ, ಬಾಗಿಲಲ್ಲೇ ನಿಂತಿದ್ದ ನಮ್ಮ ಕಾರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ತೂಕದ ಯಂತ್ರವಿಲ್ಲದೆ ವೈದ್ಯರೂ ಹೇಳಲಾರದ್ದನ್ನು ಕೆನ್ನೆ ಹಿಂಡಿಯೇ ತಿಳಿದುಕೊಂಡು, "ಅಮ್ಮಾ, ಮಕ್ಕಳು ಬೆಳೀತಾ ಇರ್ತಾರೆ, ಒಂದು ಸೈಜು ದೊಡ್ಡದೇ ತಗೊಳ್ಳಿ" ಎಂದಿರಿ. ಇದೇ ಮಾತನ್ನು ಸಾವಿರಾರು ತಾಯಂದಿರಿಗೆ ನಾನೂ ಹೇಳಿದ್ದೇನೆ. ಲಂಗದ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಿಚಿಟ್ಟು ಒಂದೇ ಲಂಗ ಎರಡು ವರ್ಷ ಬರುವಂತೆ ಮಾಡಿಕೊಟ್ಟಿದ್ದೇನೆ. ನನ್ನ ಮಾತನ್ನೇ ನನಗೆ ಮಾರಿದ ತಮ್ಮ ಜಾಣತನಕ್ಕೆ ತಲೆಬಾಗಿ ಆ ಸೀಟನ್ನು ಹೊರಿಸಿಕೊಂಡು ಬಂದೆ.

ಮೊದಲ ದಿನವೇ ಸೊಸೆ, "ಅತ್ತೆ, ಪಟ್ಟಿ ಹೆಗಲ ಮೇಲೆ ನಿಲ್ತಾನೇ ಇಲ್ಲ, ಇದು ಇವಳಿಗೆ ಆಗೋ ಸೀಟಲ್ಲ" ಅಂದಳು. "ಅಳತೆ ವಿಷಯ ನನಗೆ ಕಲಿಸ್ತೀಯಾ" ಎಂದು ನಾನು ಬಾಯಿ ಮುಚ್ಚಿಸಿದೆ. ಆದರೂ ಮನಸ್ಸು ತಡೆಯದೆ ತಮಗೆ ಫೋನು ಮಾಡಿದಾಗ, "ನೀವೇ ಟೈಲರ್ ಅಲ್ವಾ ಅಮ್ಮಾ, ಎರಡು ಮಡಿಕೆ ಹಾಕ್ಕೊಳ್ಳಿ" ಎಂದು ತಾವು ನಕ್ಕಿರಿ. ಮಗ ಪ್ರತಿ ಪಟ್ಟಿಗೂ ಎರಡೆರಡು ಮಡಿಕೆ ಹಾಕಿದ, ಲಂಗ ಹೊಲಿಯುವ ದಾರದಲ್ಲಿ. ಉಳಿದ ಸಡಿಲಕ್ಕೆ ನಾನು ದಪ್ಪ ಸ್ವೆಟರು ತೊಡಿಸಿದೆ. ನೋಡಲು ಬಹಳ ಚೆನ್ನಾಗಿತ್ತು.

ಹೋದ ಸೋಮವಾರ ಚುಚ್ಚುಮದ್ದಿಗೆಂದು ಹೊರಟಾಗ ತಿರುವಿನಲ್ಲಿ ತಳ್ಳುಗಾಡಿಯೊಂದು ಅಡ್ಡ ಬಂತು. ಸೈಕಲ್ಲಿನ ವೇಗದಲ್ಲಿದ್ದ ಕಾರಿಗೆ ಮಗ ಬ್ರೇಕು ಹಾಕಿದ. ದಾರ ಪಟಪಟನೆ ಬಿಚ್ಚಿತು, ಮಗು ಸ್ವೆಟರಿನೊಳಗೇ ಕೆಳಕ್ಕೆ ಜಾರಿತು, ಪಟ್ಟಿ ಬಂದು ಗಂಟಲಿಗೆ ನಿಂತಿತು. ಪಕ್ಕದಲ್ಲಿದ್ದ ಸೊಸೆ ಕೈ ತೂರಿಸಿ ಮೇಲೆತ್ತುವವರೆಗೆ ಮಗು ಅಳಲೂ ಇಲ್ಲ. ಕತ್ತಿನ ಮೇಲೆ ಕೆಂಪು ಗೆರೆಯೊಂದು ಉಳಿಯಿತು. ಮನೆಗೆ ಬಂದು ಟೇಪು ಹಿಡಿದು ಅಳೆದೆ: ಮೂರೂವರೆ ಅಂಗುಲ.

ಆಮೇಲೆ ಹೊಲಿಗೆ ಬಿಚ್ಚುವ ಮೊನೆಯಿಂದ ಸೀಟಿನ ಬದಿಗೆ ತಾವು ಅಂಟಿಸಿದ್ದ "ವಿಶೇಷ ಕೊಡುಗೆ" ಎಂಬ ಹೊಳೆಯುವ ಚೀಟಿಯನ್ನು ಕಿತ್ತೆ. ಅಡಿಯಲ್ಲಿ ಹದಿನೈದು ಕಿಲೋ ಮೇಲ್ಪಟ್ಟ ಮಕ್ಕಳಿಗೆ ಮಾತ್ರ ಎಂದೂ ಪಟ್ಟಿಗಳನ್ನು ಹೊಲಿಯಬಾರದು, ಕತ್ತರಿಸಬಾರದು ಎಂದೂ ದಪ್ಪಕ್ಷರದಲ್ಲಿ ಬರೆದಿತ್ತು. ನನ್ನ ಮೊಮ್ಮಗಳು ಒಂಬತ್ತೂವರೆ ಕಿಲೋ. ಇಷ್ಟು ಸಣ್ಣ ಮಗು ಕಾರಿನ ಹಿಂಬದಿಗೆ ಮುಖ ಮಾಡಿ ಕೂರಬೇಕೆಂದು ಚುಚ್ಚುಮದ್ದು ಹಾಕಿದ ನರ್ಸು ಅಂದೇ ಹೇಳಿದ್ದಳು. ಪಾಪ, ಆಕೆಗೆ ಕೆನ್ನೆ ಹಿಂಡುವ ವಿದ್ಯೆ ಬಾರದು, ತೂಕ ನೋಡಿ ಮಾತಾಡುತ್ತಾಳೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ನನ್ನ ಮೊಮ್ಮಗಳಿಗೆ ಹದಿನೈದು ಕಿಲೋ ತುಂಬುವವರೆಗೆ ಊರಿನ ಎಲ್ಲ ತಳ್ಳುಗಾಡಿಗಳೂ ನಾಯಿಗಳೂ ರಸ್ತೆ ದಾಟದಂತೆ ತಾವು ಒಂದು ಮಾತು ಹೇಳಬೇಕು. ಬ್ರೇಕುಗಳಿಗೂ ಸ್ವಲ್ಪ ಸಾವಕಾಶವಾಗಿ ಹಿಡಿಯಲು ತಿಳಿಸಬೇಕು. ಅಷ್ಟು ಪ್ರಭಾವ ಇಲ್ಲದಿದ್ದರೆ ಒಂದು ತಕ್ಕಡಿಯನ್ನಾದರೂ ಇಟ್ಟುಕೊಳ್ಳಬಹುದು.

ಈ ಪತ್ರ ಓದುವ ಹೊತ್ತಿಗೆ ಆ ಸೀಟು ತಮ್ಮ ಬಾಗಿಲಲ್ಲಿರುತ್ತದೆ. "ಯಾರಿಗಾದ್ರೂ ಕೊಡಬಹುದಿತ್ತಲ್ಲಮ್ಮ" ಎಂದು ಮಗ ಗೊಣಗಿದ. ಮತ್ತೊಂದು ಮಗುವಿನ ಗಂಟಲಿಗೆ ಹೋಗದಿರಲೆಂದು ದೊಡ್ಡ ಕತ್ತರಿಯಿಂದ ನಾನೇ ಪಟ್ಟಿಗಳನ್ನೆಲ್ಲ ಕತ್ತರಿಸಿದ್ದೇನೆ. ಹೊಸ ಸೀಟನ್ನು ಸೊಸೆ ಆರಿಸಿದಳು. ಮಗುವನ್ನು ತೂಗಿಸಿ, ಸೀಟನ್ನು ನಮ್ಮ ಕಾರಿನಲ್ಲೇ ಕೂರಿಸಿ ನೋಡಿ, ಎರಡೂ ಕೈಯಲ್ಲಿ ಅಲ್ಲಾಡಿಸಿ, ಅಲುಗದೆ ನಿಂತ ಮೇಲೆ ತಂದಳು. ಸ್ವೆಟರು ಬಿಚ್ಚಿ ಪಟ್ಟಿ ಬಿಗಿಯುತ್ತಾಳೆ, ಹೆಗಲ ಹತ್ತಿರ ಎರಡು ಬೆರಳಲ್ಲಿ ಹಿಡಿದು ನೋಡುತ್ತಾಳೆ; ಬೆರಳಿಗೆ ಮಡಿಕೆ ಸಿಕ್ಕರೆ ಕಾರು ಹೊರಡುವುದಿಲ್ಲ. ಕಾರಿನ ಬೀಗದ ಕೈ ಅವಳ ಕೈಗೇ ಕೊಟ್ಟಿದ್ದೇನೆ. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಮೂವತ್ತೆಂಟು ವರ್ಷಗಳಲ್ಲಿ ಮೊದಲ ಸಲ ನನ್ನ ಮನೆಯಲ್ಲಿ ಅಳತೆಯ ಕೊನೆಯ ಮಾತು ನನ್ನದಲ್ಲ.

ತಮ್ಮ ಮಾತನ್ನು ಎರಡೇ ಎರಡು ಸಲ ನಂಬಿದ
ತಮ್ಮ ವಿಶ್ವಾಸಿ,
ಸಮವಸ್ತ್ರದ ಅಂಗಡಿಯ ಯಜಮಾನಿ

ತಾ.ಕ.: ಎದುರು ಅಂಗಡಿಯೆಂಬ ಸಲಿಗೆಯಿಂದ ತಾವು ನಮ್ಮಲ್ಲಿ ಅಳತೆ ಕೊಟ್ಟಿದ್ದ ಪ್ಯಾಂಟು ಸಿದ್ಧವಾಗಿದೆ. ತಾವೂ ಇನ್ನೂ ಬೆಳೆಯಬಹುದೆಂದು ಸೊಂಟ ಎಂಟು ಅಂಗುಲ ಹೆಚ್ಚಿಗೆ ಹೊಲಿದು, ಸೀಟಿನ ಜೊತೆಗೇ ಕಳುಹಿಸಿದ್ದೇನೆ. ಬೆಲ್ಟು ಕಟ್ಟದೆ, ಎರಡೂ ಕೈ ಮೇಲೆತ್ತಿಕೊಂಡು, ಒಂದು ದಿನ ವ್ಯಾಪಾರ ಮಾಡಿ ನೋಡಿ.