ಟೀವಿಯ ಮೇಲಿನ ಗಾಜಿನ ಮೀನು

ಗ್ಲಿಗೋರನ ಮನೆಯ ಟೀವಿಯ ಮೇಲೆ ಒಂದು ಗಾಜಿನ ಮೀನಿತ್ತು. ಹೊಟ್ಟೆ ಕೆಂಪು, ರೆಕ್ಕೆ ಹಳದಿ, ಬಾಯಿ ಮಾತ್ರ ಸದಾ ತೆರೆದದ್ದು. ಪಕ್ಕದ ಮನೆಯ ಸುದ್ದಿ ಈಗಷ್ಟೇ ಕಿವಿಗೆ ಬಿದ್ದ ಹಾಗೆ. ಅದರ ಕೆಳಗೆ ಹೆಂಡತಿ ಸವೇತಾ ಕೈಯಾರೆ ಹೆಣೆದ ಬಿಳಿ ಕ್ರೋಶೆ ಹಾಸು. ಮೂವತ್ತೆಂಟು ವರ್ಷದಿಂದ ಆ ಮೀನು ಅಲ್ಲೇ ಕೂತಿತ್ತು. ಮೂವತ್ತೆಂಟು ವರ್ಷದಿಂದ ಗ್ಲಿಗೋರನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ತಂದವನು ಅವನೇ ಎಂಬುದು ಬೇರೆ ಮಾತು. ಆಗಿನ ಬ್ರಯಿಲಾ ಪಟ್ಟಣದಲ್ಲಿ ಅಂಗಡಿಯೆಂದರೆ ಸರದಿ, ಸರದಿಯೆಂದರೆ ಅರ್ಧ ದಿನ. ಕಾಫಿ ಲೋಟ ಬಂದಿದೆಯಂತೆ ಎಂದು ಮೂರು ಗಂಟೆ ನಿಂತಿದ್ದ. ಅವನ ಸರದಿ ಬರುವಷ್ಟರಲ್ಲಿ ಲೋಟ ಮುಗಿದು ಮೀನು ಉಳಿದಿತ್ತು. ಬರಿಗೈಯಲ್ಲಿ ಹೋಗುವುದು ಹೇಗೆಂದು ಅದನ್ನೇ ಕಟ್ಟಿಸಿಕೊಂಡು ಬಂದು, "ನಿಂಗೋಸ್ಕರ ಊರೆಲ್ಲಾ ಹುಡುಕಿ ತಂದೆ ಕಣೇ" ಎಂದು ಒಂದು ಸುಳ್ಳು ಬಿಟ್ಟ. ಹೊಸ ಹೆಂಡತಿ ಮೀನನ್ನು ಎದೆಗೆ ಅಪ್ಪಿಕೊಂಡಳು. ಅಲ್ಲಿಗೆ ಮುಗಿಯಿತಲ್ಲ! ಊರಿಗೆ ಊರೇ ಚಪ್ಪಟೆ ಟೀವಿ ತಂದರೂ ಗ್ಲಿಗೋರ ಡಬ್ಬ ಟೀವಿಯನ್ನೇ ಇಟ್ಟುಕೊಂಡ. ಚಪ್ಪಟೆ ಟೀವಿಯ ಮೇಲೆ ಮೀನು ಕೂರುವುದೆಲ್ಲಿ? ದಿನಾ ನಾಲ್ಕು ಗಂಟೆಗೆ, ಸರಿಯಾಗಿ ಫುಟ್‌ಬಾಲ್ ಶುರುವಾಗುವ ಹೊತ್ತಿಗೆ, ಟೀವಿಯ ಹಿಂದಿನ ಕಿಟಕಿಯಿಂದ ಬಿಸಿಲು ಬಂದು ಮೀನಿನ ಹೊಟ್ಟೆ ಹಾದು ಕೆಂಪಗೆ ಇವನ ಕಣ್ಣಿಗೇ ಹೊಡೆಯುತ್ತಿತ್ತು. ಇವನು ಬಾಯಿ ಮುಚ್ಚಿಕೊಂಡು ಕುರ್ಚಿ ಸರಿಸಿಕೊಳ್ಳುತ್ತಿದ್ದ. ಹೆಂಡತಿಯ ಪ್ರಾಣ ಆ ಮೀನಿನಲ್ಲಿದೆ ಎಂದ ಮೇಲೆ ಏನು ಮಾಡುವುದು?

ಈಗ ಆ ಹೆಂಡತಿ ಇಲ್ಲ. ಇವತ್ತಿಗೆ ನಲವತ್ತನೆಯ ದಿನ. ನಲವತ್ತನೆಯ ದಿನ ಸೂರ್ಯ ಮುಳುಗುವಾಗ ಆತ್ಮ ಮನೆ ಬಿಟ್ಟು ಹೊರಡುತ್ತದೆ. ಅಷ್ಟರೊಳಗೆ ಹೊತ್ತಿಸಿದ ಮೇಣದಬತ್ತಿಯ ಜೊತೆ ಅವಳ ಹೆಸರಿನಲ್ಲಿ ಏನು ದಾನ ಕೊಟ್ಟರೂ ಅದು ಅಲ್ಲಿ ಅವಳ ಕೈ ಸೇರುತ್ತದೆ. ತೆಗೆದುಕೊಂಡವರು ಬಾಯಿ ಬಿಟ್ಟು "ಬೊಗ್ದಾಪ್ರೋಸ್ತೆ", ಅಂದರೆ ಸತ್ತವರನ್ನು ದೇವರು ಕ್ಷಮಿಸಲಿ, ಅನ್ನಬೇಕು, ಅಷ್ಟೆ. ಅಂದ ಮೇಲೆ ಆ ವಸ್ತು ಸತ್ತವರದು. ಹಿಂದಕ್ಕೆ ಕೇಳಿದರೆ ಅವರ ಕೈಯಿಂದಲೇ ಕಿತ್ತುಕೊಂಡ ಪಾಪ.

ಬೆಳಿಗ್ಗೆಯೇ ನೆಲಮಹಡಿಯ ತಿಂಕಕ್ಕ ಒಂದು ಚೀಟಿ ಹಿಡಿದು ಬಂದಳು. ಆ ಕಟ್ಟಡದಲ್ಲಿ ಹುಟ್ಟು, ಮದುವೆ, ಸಾವು ಯಾವುದೂ ತಿಂಕಕ್ಕನ ಅಪ್ಪಣೆಯಿಲ್ಲದೆ ನಡೆಯುತ್ತಿರಲಿಲ್ಲ.

"ಗ್ಲಿಗೋರಣ್ಣ, ಸವೇತಾ ಆಸ್ಪತ್ರೇಲಿ ಕೂತು ಬರೆದಿದ್ದು. ಏನೇನು ದಾನ ಕೊಡ್ಬೇಕು ಅಂತ ಎಲ್ಲಾ ಇದೆ. ನಾನೇ ಓದ್ಲಾ?"

"ನೀನೇ ಓದು ತಾಯಿ. ಕನ್ನಡಕ ಎಲ್ಲಿ ಹಾಳಾಗಿ ಹೋಯ್ತೋ."

ಕನ್ನಡಕ ಅವನ ಜೇಬಿನಲ್ಲೇ ಇತ್ತು. ಅವಳ ಅಕ್ಷರ ನೋಡುವ ಧೈರ್ಯ ಅವನಿಗಿರಲಿಲ್ಲ.

ತಿಂಕಕ್ಕ ಓದುತ್ತಾ ಹೋದಳು, ಒಂದೊಂದೇ ವಸ್ತು ಕೋಣೆಯಿಂದ ಹೊರಗೆ ಹೋಯಿತು. ನೀಲಿ ಹೂಜಿ. ಆರು ತಟ್ಟೆ. ಮಂಚದ ಮೇಲಿನ ಕಸೂತಿ ದಿಂಬುಗಳು. ಎರಡು ಚಳಿಗಾಲ ಕೂತು ಹೊಲಿದ ಜಿಂಕೆಯ ಚಿತ್ರ. ಜಿಂಕೆ ಹೋದ ಜಾಗದಲ್ಲಿ ಗೋಡೆ ಬೆಳ್ಳಗೆ ಚೌಕವಾಗಿ ಉಳಿಯಿತು. ಗ್ಲಿಗೋರ ಅದನ್ನೇ ನೋಡುತ್ತಾ ನಿಂತ. ಇಷ್ಟು ದಿನ ತಾನಿದ್ದದ್ದು ತನ್ನ ಕೋಣೆಯಲ್ಲಲ್ಲ, ಸವೇತಾಳ ಕೋಣೆಯಲ್ಲಿ ಎಂದು ಅವನಿಗೆ ಆಗ ಗೊತ್ತಾಯಿತು.

"ಮತ್ತೆ ಮೀನು?" ಎಂದ.

ತಿಂಕಕ್ಕ ಚೀಟಿಯ ಕೊನೆಯ ಸಾಲುಗಳ ಮೇಲೆ ಹೆಬ್ಬೆರಳಿಟ್ಟಳು. "ಮೀನು ಪಟ್ಟೀಲಿಲ್ಲ. ಅದು ಮನೇಲೇ ಇರ್ಲಿ ಬಿಡು."

"ಅದು ಹೇಗೆ? ಅವಳಿಗೆ ಅದೇ ಅಲ್ವಾ ಪ್ರಾಣ?"

"ಇರ್ಲಿ ಅಂದ್ನಲ್ಲ ಅಣ್ಣ. ಎಲ್ಲಾದ್ರಲ್ಲೂ ತಲೆ ಹಾಕ್ಬೇಡ." ಚೀಟಿ ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹೊರಟೇಹೋದಳು.

ಗ್ಲಿಗೋರನಿಗೆ ಎಲ್ಲಾ ಅರ್ಥವಾಯಿತು. ಅಂದರೆ, ಎಲ್ಲಾ ಅರ್ಥವಾಯಿತು ಎಂದುಕೊಂಡ. ಅಯ್ಯೋ ಹುಚ್ಚಿ! ಗಂಡ ಒಬ್ಬನೇ ಆಗುತ್ತಾನೆ, ಅವನಿಗಿರಲಿ ಎಂದು ಪ್ರಾಣದಂಥ ಮೀನನ್ನು ಬಿಟ್ಟು ಹೋಗುತ್ತಿದ್ದಾಳೆ! ಅದೂ ಯಾರಿಗೆ? ಮನಸ್ಸಿನಲ್ಲೇ ಆ ಮೀನನ್ನು ಸಾವಿರ ಸಲ ಕಿಟಕಿಯಿಂದಾಚೆ ಎಸೆದವನಿಗೆ. ಅವನಿಗೆ ನಾಚಿಕೆಯಾಯಿತು. ಆಗಲ್ಲ, ಮೀನು ಅವಳ ಜೊತೆ ಹೋಗಲೇಬೇಕು. ಸೂರ್ಯ ಮುಳುಗುವುದರೊಳಗೆ ಯಾರಾದರೂ ಒಬ್ಬರು ತೆಗೆದುಕೊಂಡು ಆ ಒಂದು ಮಾತು ಅಂದರೆ ಸಾಕು.

ಅಂಗಳದಲ್ಲಿ ನಲವತ್ತರ ಊಟ ಮುಗಿದು ಜನ ಕರಗಿದ ಮೇಲೆ, ತಿಂಕಕ್ಕನ ಕಣ್ಣು ತಪ್ಪಿಸಿ ಮೀನನ್ನು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಒಂದು ಬಳೆಯಾಕಾರದ ಬ್ರೆಡ್ಡು, ಅದಕ್ಕೊಂದು ಹೊತ್ತಿಸಿದ ಮೇಣದಬತ್ತಿ ಸಿಕ್ಕಿಸಿಕೊಂಡು ಎರಡನೆಯ ಮಹಡಿಯ ಒರೆಸ್ತೆ ಮೇಷ್ಟ್ರ ಬಾಗಿಲು ತಟ್ಟಿದ.

ಮೇಷ್ಟ್ರು ಮೀನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಬೇಡಪ್ಪಾ ಬೇಡ! ಬಾ ಒಳಗೆ, ತೋರಿಸ್ತೀನಿ."

ಗಾಜಿನ ಕಪಾಟಿನೊಳಗೆ ಸಾಲಾಗಿ ಮೂರು ಮೀನು. ಒಂದು ನೀಲಿ, ಒಂದು ಹಸಿರು, ಒಂದರ ಬಾಲ ಮುರಿದಿತ್ತು.

"ಒಂದು ನಮ್ಮದೇ. ಒಂದು ನಮ್ಮತ್ತೆ ಹೆಸರಲ್ಲಿ ಬಂದಿದ್ದು, ಇನ್ನೊಂದು ಮೂರನೇ ಮಹಡಿಯವನ ಹೆಸರಲ್ಲಿ. ಈ ಕಟ್ಟಡದಲ್ಲಿ ಯಾರು ಸತ್ರೂ ಮೀನು ನಮ್ಮನೆಗೇ ಬರುತ್ತೆ ಕಣಯ್ಯ. ನಾನು ಸಾಯೋಷ್ಟರಲ್ಲಿ ಒಂದು ಕೆರೆಯೇ ಕಟ್ಟಿಸ್ಬೇಕು."

"ಒಂದು ಮಾತು ಅಂದ್ಬಿಡಿ ಮೇಷ್ಟ್ರೇ, ಆಮೇಲೆ ಬಿಸಾಕಿ ಬೇಕಾದ್ರೆ."

"ಸತ್ತವರ ವಸ್ತು ಬಿಸಾಕೋದಾ? ನಂಗೆ ಹೃದಯದ ಕಾಯಿಲೆ ಬೇರೆ ಇದೆ. ನಾಲ್ಕನೇ ಮಹಡಿಗೆ ಹೋಗು. ಅಲ್ಲಿ ಹೊಸ ಹುಡುಗಿ ಬಂದಿದ್ದಾಳೆ, ಮನೇಲಿ ಏನೂ ಇಲ್ಲ, ಪಾಪ. ಗೋಡೆ ಬಿಟ್ರೆ ಗೋಡೆ."

ಲಿಫ್ಟ್ ಕೆಟ್ಟಿತ್ತು. ಮೂರನೆಯ ಮಹಡಿಯಲ್ಲಿ ಮೇಣದಬತ್ತಿ ಆರಿತು. ಮತ್ತೆ ಹೊತ್ತಿಸಿಕೊಂಡು ನಾಲ್ಕು ಹತ್ತುವಷ್ಟರಲ್ಲಿ ಗ್ಲಿಗೋರನ ಬಾಯಿಯೂ ಮೀನಿನ ಹಾಗೇ ತೆರೆದುಕೊಂಡಿತ್ತು.

ಬಾಗಿಲು ತೆಗೆದ ಡೆಲಿಯಾಳ ಮನೆಯಲ್ಲಿ ಗೋಡೆ ಬಿಳಿ, ಸೋಫಾ ಬಿಳಿ, ನೆಲದ ಹಾಸೂ ಬಿಳಿ. ಸಾವು ಆಗಿದ್ದು ಈ ಮನೆಯಲ್ಲೋ ನಮ್ಮ ಮನೆಯಲ್ಲೋ ಎಂದು ಗ್ಲಿಗೋರನಿಗೆ ಅನುಮಾನ ಬಂತು.

"ಅಯ್ಯೋ, ಎಷ್ಟು ಮುದ್ದಾಗಿದೆ ಅಂಕಲ್! ನಮ್ಮಜ್ಜಿ ಮನೇಲೂ ಇತ್ತು. ಈಗ ಇದಕ್ಕೆ ಎಷ್ಟು ಬೇಡಿಕೆ ಗೊತ್ತಾ? ಐವತ್ತು ಲೇಯಿ ಕೊಡ್ತೀನಿ."

"ದುಡ್ಡು ಕೊಟ್ರೆ ಅದು ದಾನ ಆಗಲ್ಲಮ್ಮ. ಸುಮ್ನೆ ತಗೊಂಡು 'ಬೊಗ್ದಾಪ್ರೋಸ್ತೆ' ಅನ್ನು, ಸಾಕು."

ಹುಡುಗಿಯ ಮುಖ ಸಣ್ಣದಾಯಿತು. "ಸತ್ತೋದವರದ್ದಾ? ಅಂಕಲ್, ನಾನು ಒಬ್ಳೇ ಇರೋದು... ರಾತ್ರಿ ಅದು ಬಾಯಿ ತೆಕ್ಕೊಂಡು ನನ್ನೇ ನೋಡ್ತಿದ್ರೆ?"

"ಮೂವತ್ತೆಂಟು ವರ್ಷ ನನ್ನ ನೋಡಿದೆ, ಏನೂ ಮಾಡಿಲ್ಲ" ಎಂದು ಧೈರ್ಯ ಹೇಳಲು ಗ್ಲಿಗೋರ ತಟ್ಟೆ ಮುಂದೆ ಚಾಚಿದ. ಮೇಣ ತೊಟತೊಟನೆ ಬಿಳಿ ಹಾಸಿನ ಮೇಲೆ ಬಿತ್ತು. ಡೆಲಿಯಾ ಕಿರುಚಿದಳು. ಇವನು ಗಾಬರಿಯಲ್ಲಿ ಬಗ್ಗಿ ಉಗುರಿನಿಂದ ಕೆರೆಯಲು ಹೋದರೆ ಮೇಣದಬತ್ತಿ ಕಳಚಿ ತಟ್ಟೆಯಲ್ಲೇ ಉಳಿದು, ಬ್ರೆಡ್ಡು ಮಾತ್ರ ಉರುಳಿ ಸೋಫಾದಡಿ ಸೇರಿತು. ಐದು ನಿಮಿಷದಲ್ಲಿ ಗ್ಲಿಗೋರ, ಮೀನು, ಮೇಣದಬತ್ತಿ ಮೂವರೂ ಹೊರಗಿದ್ದರು.

ಬೀದಿಗೆ ಬಂದ. ತರಕಾರಿಯವಳು ಶಿಲುಬೆಯ ಗುರುತು ಹಾಕಿಕೊಂಡು, "ನಂಗೆ ಬ್ರೆಡ್ಡಾದ್ರೆ ಕೊಡು, ಮೀನು ಬೇಡ" ಎಂದಳು. ಬ್ರೆಡ್ಡು ಸೋಫಾದಡಿ ಇತ್ತು. ಮಧ್ಯಾಹ್ನ ಜಾರುತ್ತಿತ್ತು, ಗಾಳಿ ಬೇರೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ದೀಪಕ್ಕೆ ಮರೆ. ಕಣ್ಣಿಂದ ಇಳಿದದ್ದನ್ನು ಒರೆಸಿಕೊಳ್ಳಲು ಮೂರನೆಯ ಕೈ ಇರಲಿಲ್ಲ. ಬದುಕಿದ್ದಾಗ ಅವಳಿಗೊಂದು ಕಾಫಿ ಲೋಟ ತಂದುಕೊಡಲಾಗಲಿಲ್ಲ, ಈಗ ಅವಳ ಮೀನನ್ನಾದರೂ ಮುಟ್ಟಿಸಲಾಗದ ಕೈಲಾಗದವನಾದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಆಗ ಮೂಲೆಯಲ್ಲಿ ಟ್ರಾಮ್ ಬಂತು. ಗ್ಲಿಗೋರ ಇಪ್ಪತ್ತೊಂಬತ್ತು ವರ್ಷ ಓಡಿಸಿದ್ದು ಅದೇ ದಾರಿಯ ಟ್ರಾಮ್. ಈಗ ಓಡಿಸುತ್ತಿದ್ದವನು ತುದೊರ್, ಅವನ ಕೈಕೆಳಗೇ ಕೆಲಸ ಕಲಿತವನು. ಗ್ಲಿಗೋರ ಹಿಂದೆ ಮುಂದೆ ನೋಡದೆ ಹಳಿಯ ಮೇಲೆ ಹೋಗಿ ನಿಂತುಬಿಟ್ಟ. ಟ್ರಾಮ್ ಕಿರ್ರೆಂದು ನಿಂತಿತು.

"ಗುರುಗಳೇ! ಸಾಯ್ಬೇಕು ಅಂತಿದ್ದೀರಾ?"

"ನಾನಲ್ಲ ಕಣೋ, ಸವೇತಾ ಆಗ್ಲೇ ಸತ್ಲು. ಇದನ್ನ ತಗೋ. ಅವಳ ಹೆಸರಲ್ಲಿ."

"ಏನಿದು, ಮೀನಾ? ಡ್ಯೂಟೀಲಿದ್ದೀನಿ ಗುರುಗಳೇ!"

ಹಿಂದಿನಿಂದ ಪ್ರಯಾಣಿಕರು ಕೂಗಿದರು: "ತಗೊಂಡು ಹೊರಡಯ್ಯಾ! ನಮಗೇನು ಮನೆಮಠ ಇಲ್ವಾ?" ಒಬ್ಬಳು ಮುದುಕಿ ಎದ್ದು ನಿಂತು ಗದರಿದಳು: "ದಾನ ಬೇಡ ಅಂತಾರೇನೋ, ಪಾಪಿ?"

ತುದೊರ್ ಕಿಟಕಿಯಿಂದ ಕೈ ಚಾಚಿ ತಟ್ಟೆ ಸಮೇತ ಮೀನು ತೆಗೆದುಕೊಂಡು, "ಬೊಗ್ದಾಪ್ರೋಸ್ತೆ! ಬೊಗ್ದಾಪ್ರೋಸ್ತೆ! ಈಗ ದಾರಿ ಬಿಡಿ" ಎಂದು ಗಂಟೆ ಬಾರಿಸಿದ. ಮುಂದಿನ ಗಾಜಿನ ಹಿಂದೆ ಬಾಯಿ ತೆರೆದುಕೊಂಡು ಮೀನು ಹೊರಟುಹೋಯಿತು. ಗ್ಲಿಗೋರ ಟೋಪಿ ತೆಗೆದು ನಿಂತ. ನಲವತ್ತು ದಿನದಲ್ಲಿ ಮೊದಲ ಸಲ ಎದೆ ಹಗುರಾಯಿತು.

ಅಂಗಳದಲ್ಲಿ ತಿಂಕಕ್ಕ ಪಾತ್ರೆ ತೊಳೆಯುತ್ತಿದ್ದಳು.

"ತಿಂಕಕ್ಕ, ನೀನು ಬೇಡ ಅಂದ್ರೂ ಕೊಟ್ಬಿಟ್ಟೆ. ಮೀನು ಹೋಯ್ತು. ಅವಳ ಕೈ ಸೇರ್ತು."

ತಿಂಕಕ್ಕನ ಕೈಯಿಂದ ಸೌಟು ಜಾರಿತು. "ಯಾರಿಗೆ? 'ಬೊಗ್ದಾಪ್ರೋಸ್ತೆ' ಅಂದ್ರಾ?"

"ಎರಡು ಸಲ. ಇಡೀ ಟ್ರಾಮೇ ಕೇಳಿಸ್ಕೊಳ್ತು."

"ಅಯ್ಯೋ ನನ್ನ ಕರ್ಮವೇ!" ತಿಂಕಕ್ಕ ಬೆಂಚಿನ ಮೇಲೆ ಕುಸಿದಳು. "ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು ಕಣೋ ನಿನ್ನ ಹೆಂಡ್ತಿ!"

ಗ್ಲಿಗೋರ ಅವಳ ಏಪ್ರನ್ನಿನಿಂದ ಚೀಟಿ ಎಳೆದುಕೊಂಡ. ಜೇಬಿನಿಂದ ಕನ್ನಡಕ ತೆಗೆದ. ಹೆಬ್ಬೆರಳು ಮುಚ್ಚಿದ್ದ ಜಾಗದಲ್ಲಿ ಸವೇತಾಳ ಗುಂಡು ಅಕ್ಷರ:

"ತಿಂಕಾ, ಎಲ್ಲಾ ಕೊಡು, ಆ ಮೀನೊಂದನ್ನು ಬಿಟ್ಟು. ಕೈ ಮುಗಿಯುತ್ತೇನೆ. ಮೂವತ್ತೆಂಟು ವರ್ಷ ದಿನಾ ಒರೆಸಿದ್ದೇನೆ, ನೋಡಿದರೆ ಮೈ ಉರಿಯುತ್ತದೆ. ಅಲ್ಲಾದರೂ ಅದರ ಕಾಟ ತಪ್ಪಲಿ. ಇವರಿಗೆ ಮಾತ್ರ ಹೇಳಬೇಡ. ಪಾಪ, ಊರೆಲ್ಲಾ ಹುಡುಕಿ ತಂದದ್ದು, ಪ್ರಾಣ ಇಟ್ಟುಕೊಂಡಿದ್ದಾರೆ."

ಅವನು ಎರಡು ಸಲ ಓದಿದ. ಮೊದಲು ನಗು ಬಂತು. ನಗುತ್ತಾ ನಗುತ್ತಾ ಬೆಂಚಿನ ತುದಿ ಹಿಡಿದು ಅತ್ತುಬಿಟ್ಟ.

"ನಂಗೂ ಅದನ್ನ ಕಂಡ್ರೆ ಆಗ್ತಿರ್ಲಿಲ್ಲ ತಿಂಕಕ್ಕ. ಒಂದು ದಿನವೂ ಆಗ್ತಿರ್ಲಿಲ್ಲ. ಒಂದು ಸಲ ಬಾಯಿ ಬಿಟ್ಟು ಹೇಳಿದ್ರೆ ಇಬ್ರೂ ಸೇರಿ ಒಡೆದು ಹಾಕ್ಬಹುದಿತ್ತು."

"ಸುಮ್ನಿರು ಅಣ್ಣ, ಆಗಿದ್ದು ಆಗಿಹೋಯ್ತು" ಎಂದು ತಿಂಕಕ್ಕನೂ ಏಪ್ರನ್ನಿನಿಂದ ಕಣ್ಣು ಒತ್ತಿಕೊಂಡಳು.

ಅವನು ತಟ್ಟನೆ ಎದ್ದು ಮನೆಗೆ ಹೋಗಿ ಟೀವಿಯ ಕೆಳಗಿನ ಖಾನೆ ಎಳೆದ. ಮೀನು ಒರೆಸುವ ಹಳದಿ ಬಟ್ಟೆ ನಾಲ್ಕು ಮಡಿಕೆಯಾಗಿ ಅಲ್ಲೇ ಇತ್ತು. ಮೇಣದಬತ್ತಿ ಹೊತ್ತಿಸಿಕೊಂಡು, ಬಟ್ಟೆ ಹಿಡಿದು ಓಡಿ ಬಂದ.

"ಇದನ್ನಾದ್ರೂ ತಗೋ. ಅವಳ ಹೆಸರಲ್ಲಿ. ಬರಿಗೈಲಿ ಹೇಗೆ ಒರೆಸ್ತಾಳೆ?"

ತಿಂಕಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. "ಬುದ್ಧಿ ಇದೆಯಾ ನಿಂಗೆ? ಬಟ್ಟೆ ಇಲ್ದಿದ್ರೆ ಒರೆಸೋದಾದ್ರೂ ತಪ್ಪುತ್ತೆ. ಇದನ್ನೂ ಕಳಿಸಿ ಅಲ್ಲೂ ಅವಳನ್ನ ಕೆಲಸಕ್ಕೆ ಹಚ್ತೀಯಾ?"

ಅದು ನಿಜ. ಗ್ಲಿಗೋರ ದೀಪ ಆರಿಸಿದ.

ಮನೆಗೆ ಬಂದು ಬೀರು ತೆಗೆದ. ಮುಂದೆ ಅವನ ಮಣ್ಣಿನ ದಿನ ತೊಡಿಸಲೆಂದು ಸವೇತಾ ಇಸ್ತ್ರಿ ಮಾಡಿ ತೂಗುಹಾಕಿದ್ದ ಕಪ್ಪು ಸೂಟು ಅಲ್ಲೇ ಇತ್ತು. ಅದರ ಒಳಜೇಬಿಗೆ ಹಳದಿ ಬಟ್ಟೆ ತುರುಕಿದ. "ಧೂಳು ಹಿಡೀಲಿ ಬಿಡು" ಎಂದ, ಜೋರಾಗಿಯೇ, ಅವಳು ಇನ್ನೂ ಬಾಗಿಲಲ್ಲೇ ಇರಬಹುದೆಂದು. "ನಾನು ಬಂದು ಒರೆಸ್ತೀನಿ."

ಆಮೇಲೆ ಕುರ್ಚಿಯಲ್ಲಿ ಕೂತು ಟೀವಿ ಹಾಕಿದ. ನಾಲ್ಕು ಗಂಟೆ, ಫುಟ್‌ಬಾಲ್. ಕ್ರೋಶೆ ಹಾಸಿನ ಮೇಲೆ ಮೀನು ಕೂತ ಗುರುತು ದುಂಡಗೆ ಉಳಿದಿತ್ತು. ಬಿಸಿಲು ಬಂತು, ಎಲ್ಲರ ಮನೆಗೂ ಬರುವಂಥದೇ ಬಿಳಿ ಬಿಸಿಲು. ಅದು ಕಣ್ಣಿಗೇ ಬೀಳುತ್ತಿದ್ದರೂ ಅವನು ಕುರ್ಚಿ ಸರಿಸಲಿಲ್ಲ.