ಪೆಟ್ಟಿಗೆಯಲ್ಲಿ ಎರಡು ಹಿಡಿ ಹತ್ತಿ

ಸಲಹೆ ಕೊಡುವ ಆಸೆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು. ತೆಗೆದುಕೊಳ್ಳುವ ಬುದ್ಧಿ ಬರುವಷ್ಟರಲ್ಲಿ ಕೊಡುವವರು ಎದ್ದು ಹೋಗಿರುತ್ತಾರೆ. ನನ್ನ ಪಾಲಿಗೆ ಹಾಗೆ ಎದ್ದು ಹೋದವನು ಕರಿಯಪ್ಪ.

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಒಂದು ಹತ್ತಿ ಮಿಲ್ಲಿನಲ್ಲಿ ಹಾಜರಿ ಗುಮಾಸ್ತ. ತುರುವನೂರು ಕಡೆಯ ಕುರಿಗಾರರ ಮನೆಯ ಕರಿಯಪ್ಪ ಅಲ್ಲಿ ಹತ್ತಿ ಹೊತ್ತು ರಸ್ತೆ ಬದಿಯ ಬಾಗಿಲ ಬಳಿ ರಾಶಿ ಸುರಿಯುತ್ತಿದ್ದ. ದಿನಾ ಚಹಾದ ಹೊತ್ತಿಗೆ ನನ್ನ ಮೇಜಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಆ ಬುಟ್ಟಿ ಇಲ್ಲಿಡಬಹುದು, ಈ ಕೆಲಸ ಹೀಗೆ ಮಾಡಬಹುದು ಎಂದು ಹೇಳುತ್ತಿದ್ದ. ನಾನು ಹೂಂಗುಟ್ಟುತ್ತಾ ಹಾಜರಿ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದೆ. ಅಷ್ಟರಲ್ಲಿ ತರಬೇತಿಗೆ ಹೋಗಿ ಬಂದ ಮ್ಯಾನೇಜರು, ಕೆಲಸ ಸುಧಾರಿಸುವುದರಲ್ಲಿ ಕೆಲಸಗಾರರೂ ಪಾಲ್ಗೊಳ್ಳಬೇಕೆಂದು ಗೋಡೆಗೊಂದು ಸಲಹೆ ಪೆಟ್ಟಿಗೆ ಹೊಡೆಸಿ, ಬೀಗದ ಕೈ ನನಗೆ ಕೊಟ್ಟರು. ಇನ್ನು ಗುಮಾಸ್ತನ ಗತ್ತು ಕೇಳಬೇಕೆ? ಮರುದಿನ ಕರಿಯಪ್ಪ ಬಾಯಿ ತೆರೆದೊಡನೆ, ಏನಿದ್ದರೂ ಪೆಟ್ಟಿಗೆಗೆ ಹಾಕು ಎಂದೆ.

"ಪೆಟ್ಟಿಗಿಗೆ ಕಿವಿ ಐತೇನ್ರಿ ಸ್ವಾಮಿ?" ಎಂದ. ಅವನಿಗೆ ಬರೆಯಲು ಬಾರದೆಂಬುದು, ಅವನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ನನಗೇ ಹೊಳೆಯಲಿಲ್ಲ.

ಶನಿವಾರ ಪೆಟ್ಟಿಗೆ ತೆರೆದರೆ ಒಳಗೆ ಎರಡು ಹಿಡಿ ಹತ್ತಿ. ಇಲಿ ಗೂಡು ಕಟ್ಟಿದೆಯೆಂದು ಕೊಡವಿ, ಸಲಹೆ ಪುಸ್ತಕದಲ್ಲಿ 'ಸಲಹೆ ಇಲ್ಲ' ಎಂದು ದುಂಡಗೆ ಬರೆದಿಟ್ಟೆ. ಸೋಮವಾರ ಕರಿಯಪ್ಪ, ಪೆಟ್ಟಿಗೆ ನೋಡಿದಿರಾ ಎಂದು ಕೇಳಿದ. ಬರೀ ಇಲಿ ಕಾಟ ಎಂದೆ. ಅವನು ನಕ್ಕು ಎದ್ದುಹೋದ. ಮತ್ತೆ ಚಹಾದ ಹೊತ್ತಿಗೆ ಬರಲೇ ಇಲ್ಲ. ಸ್ವಲ್ಪ ದಿನಕ್ಕೆ ಹಿರಿಯೂರಿನ ಯಾವುದೋ ಮಿಲ್ಲು ಸೇರಿದನಂತೆ.

ಚಳಿಗಾಲಕ್ಕೆ ಕಂಬಳಿ ಕೊಳ್ಳಲು ಸಂತೆಗೆ ಹೋದೆ. ಯಾವುದು ಒಳ್ಳೆಯದೆಂದು ಕೇಳಿದ್ದಕ್ಕೆ ಮಾರುವ ಮುದುಕ ಮಾತಾಡದೆ ನನ್ನ ಎರಡೂ ಕೈಗೆ ಒಂದೊಂದು ಹಿಡಿ ಉಣ್ಣೆ ಇಟ್ಟ. ಒಂದು ಶುಭ್ರ, ಇನ್ನೊಂದರ ತುಂಬ ಕಸ. "ಕುರಿ ಕಾಯೋರು ನಾವು, ಬಾಯಾಗೆ ಹೇಳಾದಿಲ್ರಿ. ಹಿಡಿ ತೋರಿಸ್ತೀವಿ" ಎಂದ. ಆಗ ನೆನಪಾಯಿತು. ಪೆಟ್ಟಿಗೆಯ ಹತ್ತಿಯಲ್ಲೂ ಒಂದು ಹಿಡಿ ಅಚ್ಚ ಬಿಳುಪು, ಇನ್ನೊಂದು ಬರೀ ಧೂಳು. ಬಾಗಿಲ ಬಳಿ ಸುರಿದ ಹತ್ತಿಗೆ ರಸ್ತೆಯ ಧೂಳು ಹತ್ತುತ್ತದೆ, ಒಳಗೆ ಸುರಿಸಿ ಎಂದು ಅವನು ಬರೆದೇ ಹಾಕಿದ್ದ. ಓದಲು ಬಾರದವನು ನಾನು.

ಮ್ಯಾನೇಜರಿಗೆ ಹೇಳಿದೆ. ರಾಶಿ ಒಳಗೆ ಹೋಯಿತು, ಹತ್ತಿ ಬೆಳ್ಳಗಾಯಿತು. ಅವರು ಸಲಹೆ ಪುಸ್ತಕದಲ್ಲಿ ನನ್ನ ಹೆಸರು ಬರೆದರು. ಸಲಹೆ ಕರಿಯಪ್ಪನದು ಎಂದರೆ, ಅವನೀಗ ನಮ್ಮವನಲ್ಲವಲ್ಲ ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅವನು ಮತ್ತೊಮ್ಮೆ ಬಂದು ಮೇಜಿನ ಪಕ್ಕ ಕೂತಾನೆಂದು ಕಾಯುತ್ತಾ ಎಷ್ಟು ಲೋಟ ಚಹಾ ಆರಿಸಿದೆನೋ.

ನಿವೃತ್ತನಾಗುವವರೆಗೂ ಪ್ರತಿ ಶನಿವಾರ ಆಸೆಯಿಂದ ಆ ಪೆಟ್ಟಿಗೆ ತೆರೆದೆ. ಒಮ್ಮೆ ಮತ್ತೆ ಹತ್ತಿ ಸಿಕ್ಕಿತು. ಎರಡು ಪಾಲು ಮಾಡಿ, ಬೆಳಕಿಗೆ ಹಿಡಿದು, ಅರ್ಧ ಗಂಟೆ ಕೂತು ಓದಿದೆ. ಆ ಸಲ ಮಾತ್ರ ಅದು ನಿಜವಾಗಿಯೂ ಇಲಿಯದೇ ಆಗಿತ್ತು.