ಎರ್ನೆಸ್ಟೋ ಅವರ ಎಡೆ

ಗೊತ್ತಿಲ್ಲದೆ ಮಾಡಿದ ತಪ್ಪಿಗೆ ನಾಚಿಕೆ ಪಡಬೇಕಾಗಿಲ್ಲ ಎಂದು ನನಗೆ ಎಷ್ಟೋ ಜನ ಸಮಾಧಾನ ಹೇಳಿದ್ದಾರೆ. ನನ್ನ ಕಷ್ಟವೇ ಅದು. ನನಗೆ ಗೊತ್ತಿತ್ತು. ಮೆಕ್ಸಿಕೋದವರ ಅಡುಗೆಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೇ ಇಲ್ಲ ಎಂದು ಈ ಪರದೇಶದ ಸನ್ನಿವೇಲ್ ಊರಿನ ಕನ್ನಡದವರಿಗೆಲ್ಲ ಸಾರಿಕೊಂಡು ಬಂದಿದ್ದವನು ನಾನು. ಯಾರ ಮನೆಯ ಊಟಕ್ಕೆ ಹೋದರೂ ನನ್ನ ಉಪನ್ಯಾಸ ಇದ್ದದ್ದೇ. ಟೋರ್ಟಿಯಾ ಎಂದರೆ ನಮ್ಮ ರೊಟ್ಟಿ, ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುತ್ತಾರೆ ಅಷ್ಟೆ. ತಮಾಲೆ ಎಂದರೆ ನಮ್ಮ ಕಡುಬು, ಎಲೆಯ ಬದಲು ಜೋಳದ ತೆನೆಯ ಸಿಪ್ಪೆ. ಇನ್ನು ಮೋಲೆ ಎಂಬ ಸಾರು. ಒಣಮೆಣಸಿನಕಾಯಿ, ಎಳ್ಳು, ಕಡಲೆಕಾಯಿ, ಚಕ್ಕೆ ಎಲ್ಲ ಹುರಿದು ರುಬ್ಬಿ, ಕೊನೆಗೆ ಚಾಕೊಲೇಟು ಹಾಕುತ್ತಾರೆ. ಹೆಸರನ್ನು ದೀರ್ಘವಾಗಿಯೇ ಹೇಳಬೇಕು. ಅವಸರದಲ್ಲಿ ಹ್ರಸ್ವ ಮಾಡಿದರೆ ಕನ್ನಡಿಗರ ನಡುವೆ ಮಾನ ಉಳಿಯುವುದಿಲ್ಲ.

ಈ ಪಾಂಡಿತ್ಯವೆಲ್ಲ ನನಗೆ ಬಂದದ್ದು ಪಕ್ಕದ ಮನೆಯ ರೋಸಾ ಅವರಿಂದ. ಅರವತ್ತು ದಾಟಿದ ಹೆಂಗಸು. ನನ್ನ ಹೆಂಡತಿ ಸುಧಾಗೆ ಆಪರೇಷನ್ ಆದಾಗ ನಮ್ಮ ಬಾಗಿಲಿಗೆ ದಿನವೂ ಬಿಸಿ ಸೂಪು ತಂದಿಟ್ಟವರು ಅವರು. ಅವರ ಗಂಡ ಎರ್ನೆಸ್ಟೋ ಹೋದ ವರ್ಷ ತೀರಿಕೊಂಡರು. ನವೆಂಬರ್ ಶುರುವಿನಲ್ಲಿ ಒಂದು ದಿನ ರೋಸಾ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. "ಎರ್ನೆಸ್ಟೋ ದಿನ, ತಪ್ಪದೆ ಬನ್ನಿ" ಎಂದರು. ಹುಟ್ಟಿದ ದಿನ ಇರಬೇಕು ಎಂದುಕೊಂಡೆ. ತೀರಿಕೊಂಡವರ ಹುಟ್ಟುಹಬ್ಬವನ್ನೂ ಮಾಡುತ್ತಾರಲ್ಲ, ಎಷ್ಟು ಪ್ರೀತಿ ಎಂದು ಮೆಚ್ಚಿಕೊಂಡೆ ಕೂಡ.

ಅವತ್ತು ಆಫೀಸಿನಲ್ಲಿ ಮೀಟಿಂಗಿನ ಮೇಲೆ ಮೀಟಿಂಗು. ರಾತ್ರಿ ರೋಸಾ ಮನೆಯ ಊಟವಿದೆಯಲ್ಲ ಎಂಬ ದುರಾಸೆಗೆ ಮಧ್ಯಾಹ್ನ ಬರೀ ಕಾಫಿ ಕುಡಿದಿದ್ದೆ. ಸುಧಾ ಸೀರೆ ಉಟ್ಟುಕೊಂಡು ಬರುತ್ತೇನೆಂದಳು; ನಾನು ಮುಂದಾಗಿ ಹೊರಟೆ. ರೋಸಾ ಅಡುಗೆಮನೆಯಲ್ಲಿ ಟೋರ್ಟಿಯಾ ಬೇಯಿಸುತ್ತಿದ್ದರು. ಅಲ್ಲಿಂದಲೇ "ಬನ್ನಿ ಬನ್ನಿ, ನಿಮ್ಮ ಮನೆಯೇ ಅಂದ್ಕೊಳ್ಳಿ!" ಎಂದು ಕೂಗಿದರು. ಹಾಲ್‌ನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು. ಅದರ ತುಂಬ ಚೆಂಡು ಹೂವು, ಮೇಣದ ಬತ್ತಿ, ಎರ್ನೆಸ್ಟೋ ಫೋಟೋ, ಒಂದು ಲೋಟ ನೀರು, ಚಿಕ್ಕ ಬಟ್ಟಲಲ್ಲಿ ಉಪ್ಪು. ಫೋಟೋ ಮುಂದೆ ತಟ್ಟೆಯಲ್ಲಿ ಅನ್ನ, ಬೇಯಿಸಿ ಅರೆದ ಕಾಳು, ಮೋಲೆಯಲ್ಲಿ ಮುಳುಗಿದ ಕೋಳಿಯ ತೊಡೆ, ಪಕ್ಕದಲ್ಲಿ ಹಬೆಯಾಡುವ ತಮಾಲೆ. ಅವತ್ತು ಅವರ ಹಿರಿಯರ ಹಬ್ಬ; ಮಂಡ್ಯದ ಕಡೆಯವನಾದ ನಾನು ನಮ್ಮ ಹಿರಿಯರ ಹಬ್ಬದಲ್ಲಿ ಇಂಥದ್ದನ್ನು ಎಷ್ಟು ನೋಡಿಲ್ಲ! ಫೋಟೋ ಮುಂದೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ತಾತ ಬಂದು ತಿಂದು ಹೋಗುವವರೆಗೂ ಹೊರಗೆ ಜಗಲಿಯ ಮೇಲೆ ಕಾದವನು ನಾನು. ಆದರೆ ಹಸಿದವನ ಕಣ್ಣಿಗೆ ಹೂವೂ ಕಾಣಲಿಲ್ಲ, ಫೋಟೋವೂ ಕಾಣಲಿಲ್ಲ. ರೋಸಾ ನನಗೆ ಬಡಿಸಿಟ್ಟು ಒಳಗೆ ಹೋಗಿದ್ದಾರೆ ಎಂದುಕೊಂಡೆ. ಕುರ್ಚಿ ಎಳೆದುಕೊಂಡು ಕೂತೆ. ಕತ್ತಲಾಗದಿರಲಿ ಎಂದು ಒಂದು ಮೇಣದ ಬತ್ತಿಯನ್ನು ಹತ್ತಿರಕ್ಕೂ ಸರಿಸಿಕೊಂಡೆ.

ಸುಧಾ ಬಂದವಳು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು, ಮೇಜಿನ ಕಡೆ ತಿರುಗಿ ಕಣ್ಣು ಮುಚ್ಚಿ ಕೈ ಮುಗಿದಳು. ಕಣ್ಣು ಬಿಟ್ಟರೆ ಎದುರಿಗೆ ನಾನು, ಮೂಳೆ ಚೀಪುತ್ತ.

"ರೀ! ಎಡೆ ತಿಂತಿದ್ದೀರಲ್ರೀ!"

ಬಾಯಲ್ಲಿದ್ದದ್ದನ್ನು ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಚೀಪಿದ ಮೂಳೆಯನ್ನು ತಟ್ಟೆಯಲ್ಲಿ ಮೊದಲಿದ್ದ ಹಾಗೆಯೇ ಇಟ್ಟು, ಮೇಲೆ ಸ್ವಲ್ಪ ಅನ್ನ ಮುಚ್ಚಿದೆ. ನನ್ನ ಇಪ್ಪತ್ತು ವರ್ಷದ ಎಂಜಿನಿಯರಿಂಗ್ ಅನುಭವ ಆ ಹೊತ್ತಿಗೆ ಸೂಚಿಸಿದ ಪರಿಹಾರ ಅಷ್ಟೇ. ಅಷ್ಟರಲ್ಲಿ ರೋಸಾ ಟೋರ್ಟಿಯಾ ಹಿಡಿದುಕೊಂಡು ಬಂದರು. ತಟ್ಟೆ ನೋಡಿದರು. ನನ್ನ ಬೆರಳು ನೋಡಿದರು. ಗಂಡನ ಫೋಟೋ ನೋಡಿದರು. ನಾನು ಎದ್ದು ನಿಂತು ಸಾರಿ ಸಾರಿ ಎನ್ನುತ್ತಲೇ ಇದ್ದೆ.

"ಹೇಗಿತ್ತು?" ಎಂದರು ರೋಸಾ.

ಚೆನ್ನಾಗಿತ್ತು ಎಂದು ಸುಮ್ಮನಾಗಬಹುದಿತ್ತು. ಹೆದರಿದಾಗ ನನ್ನ ನಾಲಿಗೆ ನಿಜ ಹೇಳಿಬಿಡುತ್ತದೆ. "ಉಪ್ಪು... ಒಂಚೂರು ಕಮ್ಮಿ" ಎಂದೆ. ಸುಧಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ರೋಸಾ ಕುರ್ಚಿಯ ಮೇಲೆ ಕುಸಿದು ಕೂತರು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. ಆಮೇಲೆ ಅತ್ತರು ಕೂಡ. "ಅವನೂ ಇದನ್ನೇ ಹೇಳ್ತಿದ್ದ, ಪ್ರತಿ ಸಲ. ಡಾಕ್ಟರು ಬೇಡ ಅಂದಮೇಲೂ ಕೇಳಿ ಕೇಳಿ ಹಾಕಿಸ್ಕೊಳ್ತಿದ್ದ" ಎಂದರು. ಸುಧಾಳನ್ನೂ ಕರೆದುಕೊಂಡು ಒಳಗೆ ಹೋಗಿ ಬೇರೆ ತಟ್ಟೆಗೆ ಬಡಿಸಿಕೊಂಡು ಬಂದು, ಅದರ ಮೇಲೆ ಚಿಟಿಕೆ ಉಪ್ಪು ಉದುರಿಸಿ, ಫೋಟೋ ಮುಂದೆ ಇಟ್ಟರು.

ವಾಪಸು ಬರುವಾಗ ನಾನು ಹಗುರಾಗಿದ್ದೆ. "ನೋಡಿದ್ಯಾ, ನಾನು ಹೇಳಿದ್ದು ಕೇಳಿ ಅವ್ರಿಗೆ ಎಷ್ಟು ಸಂತೋಷ ಆಯ್ತು" ಎಂದೆ.

ಸುಧಾ ಬಾಗಿಲ ಬೀಗ ತೆಗೆಯುತ್ತ, "ಎರಡನೇ ತಟ್ಟೆ ನೋಡಿದ್ರಾ?" ಎಂದಳು. "ರೆಕ್ಕೆ ಇತ್ತು. ಅವ್ರ ಯಜಮಾನ್ರಿಗೆ ತೊಡೆನೇ ಆಗ್ಬೇಕಂತೆ. ಅಡುಗೆಮನೇಲಿ ಪಾತ್ರೆಯೆಲ್ಲ ತಡಕಿದ್ರು, ಇನ್ನೊಂದು ಸಿಗ್ಲಿಲ್ಲ. ನಿಮ್ಗೆ ಹೇಳ್ಬೇಡ ಅಂದ್ರು."

ಮಾರನೆಯ ದಿನದಿಂದ ಕಸ ಹಾಕಲು ಹೋಗುವಾಗಲೂ ರೋಸಾ ಎದುರಾಗದ ಹೊತ್ತು ನೋಡಿಕೊಂಡು ಹೋಗುತ್ತಿದ್ದೇನೆ. ಅವರು ಮಾತ್ರ ಮೊದಲಿನಂತೆಯೇ ಕೈ ಬೀಸಿ ನಗುತ್ತಾರೆ. ಆ ತಟ್ಟೆ ನೆನಪಾದಾಗಲೆಲ್ಲ ತಲೆ ತಗ್ಗಿಸಬೇಕು, ನಿಜ. ಆದರೆ ಎಷ್ಟು ಪ್ರಯತ್ನಪಟ್ಟರೂ ನಾಚಿಕೆಗಿಂತ ಮೊದಲು ಬಾಯಲ್ಲಿ ನೀರು ಬಂದುಬಿಡುತ್ತದೆ.